ಒಂದು ಬೊಗಸೆ ನೀರಿಗೆ ಹತ್ತು ವರ್ಷದ ಕೇಸು

ನಮ್ಮ ಊರಿನ ಎದುರು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಉತ್ತರಕ್ಕೆ ಹೊರಟರೆ ಉಡುಪಿ, ಕುಂದಾಪುರ, ಭಟ್ಕಳ, ಕಾರವಾರ ಕಳೆದು ಗೋವಾ ಸಿಗ್ತದೆ. ಗೋವಾ ದಾಟಿ, ರತ್ನಾಗಿರಿ ಜಿಲ್ಲೆಯನ್ನೂ ಕಳೆದ ಮೇಲೆ, ಪನ್ವೇಲ್ ಮುಟ್ಟುವ ಮುಂಚೆ ಸಾವಿತ್ರಿ ನದಿಯ ದಡದಲ್ಲಿ ಮಹಾಡ್ ಎಂಬ ಪೇಟೆ ಉಂಟು. ಆ ಪೇಟೆಯಲ್ಲಿ ಒಂದು ಕೆರೆ. ಹೆಸರು ಚವ್ದಾರ್ ಕೆರೆ. ಮರಾಠಿಯಲ್ಲಿ ಚವ್ದಾರ್ ಅಂದ್ರೆ ರುಚಿಯಾದದ್ದು ಅಂತ ಅರ್ಥ. ಅದರ ನೀರು ಅಷ್ಟು ರುಚಿ ಅಂತ ಊರವರು ಕೊಟ್ಟ ಹೆಸರು.

1927ರ ಮಾರ್ಚ್ 20ರಂದು ಆ ಕೆರೆಗೆ ಇಳಿದು ಒಬ್ಬರು ಬೊಗಸೆಯಲ್ಲಿ ನೀರು ತೆಗೆದು ಕುಡಿದರು. ಅವರ ಹಿಂದೆ ಬಂದಿದ್ದ ಜನರೂ ಕುಡಿದರು. ಆಗಿದ್ದು ಇಷ್ಟೇ. ಇಷ್ಟಕ್ಕೇ ಊರಲ್ಲಿ ದೊಣ್ಣೆಗಳು ಎದ್ದವು, ಜನರ ತಲೆ ಒಡೆಯಿತು, ಕೆರೆಯನ್ನು ಶುದ್ಧ ಮಾಡುವ ಪೂಜೆ ನಡೆಯಿತು, ಕೋರ್ಟಿನಲ್ಲಿ ಹತ್ತು ವರ್ಷ ಕೇಸು ನಡೆಯಿತು. ಮೊದಲ ಬೊಗಸೆ ಕುಡಿದವರು ಡಾ. ಭೀಮರಾವ್ ರಾಮ್‌ಜಿ ಅಂಬೇಡ್ಕರ್.

ಅಂಬೇಡ್ಕರ್ ಅಂದ ಕೂಡಲೇ ನಮಗೆ ಸಂವಿಧಾನ ನೆನಪಾಗ್ತದೆ, ನೀಲಿ ಕೋಟು ತೊಟ್ಟ ಪ್ರತಿಮೆ ನೆನಪಾಗ್ತದೆ. ಆದರೆ ಅವರ ಬದುಕನ್ನು ಕುಡಿಯುವ ನೀರಿನ ಕಡೆಯಿಂದ ನೋಡಿದರೆ ಬೇರೆಯೇ ಒಂದು ಕಥೆ ಬಿಚ್ಚಿಕೊಳ್ತದೆ. ಆ ಕಥೆಯಲ್ಲಿ ಮುಸ್ಲಿಮರೂ ಬರ್ತಾರೆ. ಒಂದು ಕಡೆ ಬಾಗಿಲು ತೆರೆದವರಾಗಿ, ಇನ್ನೊಂದು ಕಡೆ ಬೈದು ಅಟ್ಟಿದವರಾಗಿ. ಎರಡನ್ನೂ ನಾವು ತಿಳಿದಿರಬೇಕು.

ಪ್ಯೂನ್ ಬಾರದ ದಿನ ನೀರಿಲ್ಲ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಇಂದೋರ್ ಹತ್ತಿರದ ಮಹೂ ಎಂಬ ಮಿಲಿಟರಿ ದಂಡಿನ ಊರಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಬ್ರಿಟಿಷರ ಸೈನ್ಯದಲ್ಲಿ ಸುಬೇದಾರ್ ಆಗಿದ್ದವರು. ತಾಯಿ ಭೀಮಾಬಾಯಿ, ಮಗ ಸಣ್ಣವನಿರುವಾಗಲೇ ತೀರಿಕೊಂಡರು. ಕೊಂಕಣ ಮೂಲದ ಮಹಾರ್ ಜಾತಿಯ ಕುಟುಂಬ ಅದು. ಸೈನ್ಯದ ಪೆನ್ಶನ್ ಬರ್ತಿತ್ತು, ಮನೆಯಲ್ಲಿ ಓದು ಬರಹ ಇತ್ತು. ಆದರೆ ಸೈನ್ಯದ ಗೇಟಿನಿಂದ ಹೊರಗೆ ಕಾಲಿಟ್ಟ ಕೂಡಲೇ ಅವರು ಮುಟ್ಟಬಾರದವರು.

ಕುಟುಂಬ ಸಾತಾರಾಕ್ಕೆ ಬಂದ ಮೇಲೆ ಹುಡುಗ ಅಲ್ಲಿನ ಶಾಲೆಗೆ ಸೇರಿದ. ತರಗತಿಯ ಉಳಿದ ಮಕ್ಕಳ ಜೊತೆ ಕೂರುವ ಹಾಗಿಲ್ಲ. ಮನೆಯಿಂದ ಒಂದು ಗೋಣಿ ತುಂಡು ತಂದು, ಮೂಲೆಯಲ್ಲಿ ಹಾಸಿ ಅದರ ಮೇಲೆ ಕೂರಬೇಕು. ಸಂಜೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಬೇಕು. ಶಾಲೆ ಗುಡಿಸುವ ಆಳು ಕೂಡ ಆ ಗೋಣಿಯನ್ನು ಮುಟ್ಟುವುದಿಲ್ಲ.

ಇದಕ್ಕಿಂತ ಕಷ್ಟ ಬಾಯಾರಿಕೆಯದ್ದು. ಬೇರೆ ಮಕ್ಕಳಿಗೆ ಬಾಯಾರಿದರೆ ಮೇಷ್ಟ್ರ ಹತ್ತಿರ ಕೇಳಿ ನಲ್ಲಿ ತಿರುಗಿಸಿ ಕುಡಿದು ಬರ್ತಿದ್ದರು. ಭೀಮ ನಲ್ಲಿ ಮುಟ್ಟುವ ಹಾಗಿಲ್ಲ. ಮುಟ್ಟಬಹುದಾದವರು ಯಾರಾದರೂ ನಲ್ಲಿ ತಿರುಗಿಸಿಕೊಡಬೇಕು. ಆ ಕೆಲಸ ಶಾಲೆಯ ಪ್ಯೂನಿನದ್ದು. ಪ್ಯೂನ್ ಇದ್ದರೆ ನೀರು, ಪ್ಯೂನ್ ರಜೆ ಹಾಕಿದರೆ ಸಂಜೆಯ ತನಕ ಒಣ ಗಂಟಲು. ನೀರು ಎದುರಲ್ಲೇ ಇತ್ತು, ನಲ್ಲಿಯೂ ಕೈಗೆಟಕುವಷ್ಟು ಹತ್ತಿರವೇ ಇತ್ತು. ಇಲ್ಲದ್ದು ಮುಟ್ಟುವ ಅನುಮತಿ ಮಾತ್ರ.

ಇದನ್ನೆಲ್ಲ ಅಂಬೇಡ್ಕರ್ ಮುಂದೆ ತಾವೇ ಬರೆದಿಟ್ಟರು. ವೇಟಿಂಗ್ ಫಾರ್ ಎ ವೀಸಾ ಎಂಬ ಆ ಸಣ್ಣ ಬರಹ ಪುಸ್ತಕವಾಗಿ ಬಂದದ್ದು ಅವರು ತೀರಿಹೋಗಿ ಎಷ್ಟೋ ವರ್ಷಗಳ ನಂತರ. ಅದರಲ್ಲಿರುವ ಇನ್ನೊಂದು ಪ್ರಸಂಗವನ್ನು ನಾವು ವಿಶೇಷವಾಗಿ ಗಮನಿಸಬೇಕು.

ಮುಸ್ಲಿಂ ಅಂತ ಹೇಳಿಕೊಂಡ ರಾತ್ರಿ

ಅದು 1901. ಬರಗಾಲದ ಕಾಲ. ಹಸಿದ ಜನಕ್ಕೆ ಕೂಲಿ ಕೊಡಲಿಕ್ಕೆ ಅಂತ ಸರಕಾರ ಸಾತಾರಾ ಜಿಲ್ಲೆಯ ಗೋರೆಗಾಂವ್ ಎಂಬಲ್ಲಿ ಕೆರೆ ತೋಡಿಸುತ್ತಿತ್ತು. ಆ ಕೆಲಸದಲ್ಲಿ ಭೀಮನ ತಂದೆ ಕ್ಯಾಶಿಯರ್. ಬೇಸಿಗೆ ರಜೆಗೆ ಮಕ್ಕಳು ತನ್ನ ಹತ್ತಿರ ಬರಲಿ ಅಂತ ಅವರು ಪತ್ರ ಹಾಕಿದರು. ಮಕ್ಕಳಿಗೆ ಸಂಭ್ರಮ. ಹೊಸ ಬಟ್ಟೆ, ಮೊದಲ ರೈಲು ಪ್ರಯಾಣ. ಹತ್ತರ ಆಸುಪಾಸಿನ ಭೀಮ, ಅವನ ಅಣ್ಣ, ಮನೆಯ ಹುಡುಗರು ತಿಂಡಿ ಊಟ ಕಟ್ಟಿಕೊಂಡು ಹೊರಟು ಮಸೂರ್ ಸ್ಟೇಷನಿನಲ್ಲಿ ಇಳಿದರು.

ಕರೆದುಕೊಂಡು ಹೋಗಲಿಕ್ಕೆ ಯಾರೂ ಬಂದಿರಲಿಲ್ಲ. ತಾವು ಹೊರಟ ಸುದ್ದಿ ತಂದೆಗೆ ಮುಟ್ಟಿಯೇ ಇರಲಿಲ್ಲ. ಒಳ್ಳೆ ಬಟ್ಟೆ ಹಾಕಿದ ಮಕ್ಕಳನ್ನು ನೋಡಿ ಸ್ಟೇಷನ್ ಮಾಸ್ತರರು ಪ್ರೀತಿಯಿಂದಲೇ ವಿಚಾರಿಸಿದರು. ಜಾತಿ ಗೊತ್ತಾದ ಕ್ಷಣ ಅವರ ಮುಖವೇ ಬದಲಾಯಿತು. ಎತ್ತಿನ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಅವನದ್ದೂ ಒಂದು ಷರತ್ತು: ಗಾಡಿ ಹುಡುಗರೇ ಹೊಡೀಬೇಕು, ಅವನು ಪಕ್ಕದಲ್ಲಿ ನಡೆದುಕೊಂಡು ಬರ್ತಾನೆ.

ದಾರಿಯಲ್ಲಿ ಹಸಿವಾಯ್ತು. ಬುತ್ತಿ ತುಂಬಾ ಊಟ ಉಂಟು, ಕುಡೀಲಿಕ್ಕೆ ನೀರಿಲ್ಲ. ಸಿಕ್ಕಿದ ಹೊಂಡದ ನೀರಿನಲ್ಲಿ ದನ ಎಮ್ಮೆಗಳ ಸೆಗಣಿ, ಗಂಜಲ ಸೇರಿತ್ತು. ಮನುಷ್ಯರು ಬಾಯಿಗೆ ಹಾಕುವ ನೀರು ಅದಲ್ಲ. ಕತ್ತಲಾದ ಮೇಲೆ ಒಂದು ಸುಂಕದ ಕಟ್ಟೆ ಸಿಕ್ಕಿತು. ಅಲ್ಲಿ ನೀರು ಕೇಳಬಹುದು, ಆದರೆ ನೀವು ಯಾರು ಅಂತ ಕೇಳಿದರೆ ಮುಸಲ್ಮಾನರು ಅಂತ ಹೇಳಿ ಅಂತ ಗಾಡಿಯವನೇ ಹೇಳಿಕೊಟ್ಟ. ಭೀಮನಿಗೆ ಉರ್ದು ಬರ್ತಿತ್ತು. ಅವನು ಸುಂಕದವನ ಹತ್ತಿರ ಹೋಗಿ ಉರ್ದುವಿನಲ್ಲೇ ಮಾತಾಡಿ ತಾನು ಮುಸ್ಲಿಂ ಅಂತ ಹೇಳಿದ. ಆದರೂ ನೀರು ಸಿಗಲಿಲ್ಲ. ನಿಮಗೆ ಇಲ್ಲಿ ನೀರು ತುಂಬಿಸಿ ಇಟ್ಟವರು ಯಾರು, ಬೇಕಾದರೆ ಗುಡ್ಡ ಹತ್ತಿ ಹುಡುಕಿಕೊಳ್ಳಿ ಎಂಬ ಧಾಟಿಯ ಉತ್ತರ ಬಂತು.

ಆ ರಾತ್ರಿ ಮಕ್ಕಳು ಬುತ್ತಿ ಪಕ್ಕದಲ್ಲಿಟ್ಟುಕೊಂಡು ಉಪವಾಸ ಮಲಗಿದರು. ನೀರಿಲ್ಲದೆ ಊಟ ಇಳಿಯುವುದಾದರೂ ಹೇಗೆ? ಅಪ್ಪ ದುಡಿಯುತ್ತಿದ್ದದ್ದು ಕೆರೆ ತೋಡುವ ಕೆಲಸದಲ್ಲಿ. ಆ ಅಪ್ಪನನ್ನು ನೋಡಲಿಕ್ಕೆ ಹೊರಟ ಮಕ್ಕಳಿಗೆ ದಾರಿಯಲ್ಲಿ ಒಂದು ಲೋಟ ಕುಡಿಯುವ ನೀರು ಹುಟ್ಟಲಿಲ್ಲ. ಆ ದಿನವನ್ನು ಅಂಬೇಡ್ಕರ್ ಕೊನೆಯ ತನಕ ಮರೆಯಲಿಲ್ಲ.

ಓದಿದರೂ ನೀಗದ ಬಾಯಾರಿಕೆ

ಮುಂದಿನದ್ದು ನಮಗೆಲ್ಲ ಸ್ವಲ್ಪ ಗೊತ್ತಿರುವ ಕಥೆ. ಬಾಂಬೆಯ ಎಲ್ಫಿನ್‌ಸ್ಟನ್ ಹೈಸ್ಕೂಲು, ಎಲ್ಫಿನ್‌ಸ್ಟನ್ ಕಾಲೇಜು. ಬರೋಡಾ ಮಹಾರಾಜರ ವಿದ್ಯಾರ್ಥಿ ವೇತನದಿಂದ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯ. ಆಮೇಲೆ ಲಂಡನ್.

ನಡುವೆ 1917ರಲ್ಲಿ, ವಿದ್ಯಾರ್ಥಿ ವೇತನದ ಕರಾರಿನಂತೆ ಬರೋಡಾ ಸಂಸ್ಥಾನದಲ್ಲಿ ಕೆಲಸಕ್ಕೆ ಸೇರಿದರು. ಅಮೆರಿಕದಲ್ಲಿ ಓದಿ ಬಂದ ಆಫೀಸರ್. ಆದರೆ ಆಫೀಸಿನ ಜವಾನರು ಫೈಲುಗಳನ್ನು ದೂರದಿಂದ ಮೇಜಿನ ಮೇಲೆ ಬಿಸಾಡುತ್ತಿದ್ದರು. ಕಚೇರಿಯಲ್ಲಿ ಕುಡಿಯುವ ನೀರು ಅವರಿಗಿರಲಿಲ್ಲ. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದ ಜಾತಿ ಗೊತ್ತಾದ ಮೇಲೆ ಹೊರಹಾಕಿದರು. ಕೆಲಸ ಬಿಟ್ಟು ಬಾಂಬೆಗೆ ವಾಪಸ್ ಬರಬೇಕಾಯ್ತು. ಸಾತಾರಾದ ಶಾಲೆಯಲ್ಲಿ ಪ್ಯೂನಿಗಾಗಿ ಕಾಯುತ್ತಿದ್ದ ಹುಡುಗನಿಗೂ ವಿಲಾಯತಿಯಲ್ಲಿ ಓದಿದ ಅಧಿಕಾರಿಗೂ ನೀರಿನ ವಿಷಯದಲ್ಲಿ ವ್ಯತ್ಯಾಸವೇ ಆಗಿರಲಿಲ್ಲ. ಓದಿದರೆ, ದುಡ್ಡು ಮಾಡಿದರೆ ಎಲ್ಲ ಸರಿಯಾಗ್ತದೆ ಅನ್ನುವವರಿಗೆ ಬರೋಡಾದ ಈ ಪ್ರಸಂಗದಲ್ಲಿ ಪಾಠ ಉಂಟು.

1923ರ ಹೊತ್ತಿಗೆ ಅವರು ಲಂಡನ್ನಿನ ಡಿ.ಎಸ್‌ಸಿ. ಪದವಿ, ಬ್ಯಾರಿಸ್ಟರ್ ಪದವಿ ಎರಡನ್ನೂ ಪಡೆದು ಬಾಂಬೆಯಲ್ಲಿ ವಕೀಲಿ ಶುರು ಮಾಡಿದ್ದರು. ಮರುವರ್ಷ ಬಹಿಷ್ಕೃತ ಹಿತಕಾರಿಣಿ ಸಭಾ ಎಂಬ ಸಂಘಟನೆ ಕಟ್ಟಿದರು.

ನಮ್ಮ ಕರಾವಳಿಯಲ್ಲೂ ಆ ಹೊತ್ತಿಗೆ ಇಂಥ ಕೆಲಸ ನಡೆದಿತ್ತು ಅನ್ನುವುದನ್ನು ಇಲ್ಲಿ ನೆನಪಿಸಬೇಕು. ಭೀಮರಾವ್ ಇನ್ನೂ ಸಣ್ಣ ಹುಡುಗನಾಗಿದ್ದಾಗಲೇ, 1897ರಲ್ಲಿ, ಮಂಗಳೂರಲ್ಲಿ ಕುದ್ಮುಲ್ ರಂಗರಾವ್ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಮದುವೆಗೆ, ಸಭೆಗೆ ಅಂತ ನಾವು ಹೋಗುವ ಮಂಗಳೂರಿನ ಪುರಭವನಕ್ಕೆ ಅವರದ್ದೇ ಹೆಸರು.

ಕಾಗದದಲ್ಲಿ ತೆರೆದ ಕೆರೆ

1923ರ ಆಗಸ್ಟ್ 4ರಂದು ಬಾಂಬೆ ಶಾಸನಸಭೆಯಲ್ಲಿ ಸೀತಾರಾಮ್ ಕೇಶವ್ ಬೋಲೆ ಎಂಬ ಸದಸ್ಯರು ತಂದ ಒಂದು ನಿರ್ಣಯ ಪಾಸಾಯ್ತು. ಸರಕಾರದ ಹಣದಿಂದ ಕಟ್ಟಿದ, ನಡೆಸುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳನ್ನು ಅಸ್ಪೃಶ್ಯರೂ ಬಳಸಬಹುದು ಎಂಬುದು ಅದರ ಸಾರ. ಇದನ್ನು ಹಿಡಿದು 1924ರಲ್ಲಿ ಮಹಾಡ್ ಮುನಿಸಿಪಾಲಿಟಿ ಕೂಡ ಚವ್ದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ ಠರಾವು ಮಾಡಿತು. ಅಲ್ಲಿನ ಸುರೇಂದ್ರನಾಥ್ ಟಿಪ್ನಿಸ್ ಅವರಂಥ ಮೇಲ್ಜಾತಿಯವರೇ ಇದಕ್ಕೆ ಒತ್ತಾಸೆಯಾಗಿ ನಿಂತಿದ್ದರು.

ಠರಾವು ಆಯ್ತು, ಆದರೆ ಮೂರು ವರ್ಷ ಕಳೆದರೂ ಒಬ್ಬ ದಲಿತನೂ ಕೆರೆಗೆ ಇಳಿಯುವ ಧೈರ್ಯ ಮಾಡಲಿಲ್ಲ. ಇಳಿದರೆ ಏನಾಗ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅದೇ ಕೆರೆಯಿಂದ ಮುಸ್ಲಿಮರು ನೀರು ಒಯ್ಯುತ್ತಿದ್ದರು, ದನಕರು ಕುಡಿಯುತ್ತಿದ್ದವು. ಅದಕ್ಕೆ ಯಾರ ತಕರಾರೂ ಇರಲಿಲ್ಲ.

ಮಹಾಡ್ ಭಾಗದ ದಲಿತ ಯುವಕ ರಾಮಚಂದ್ರ ಬಾಬಾಜಿ ಮೋರೆ ಮತ್ತು ಅವರ ಗೆಳೆಯರು ಒಂದು ದೊಡ್ಡ ಸಮ್ಮೇಳನ ಮಾಡಬೇಕು, ಅದಕ್ಕೆ ಅಂಬೇಡ್ಕರ್ ಬರಬೇಕು ಅಂತ ಹಟ ಹಿಡಿದರು. 1927ರ ಮಾರ್ಚ್ 19 ಮತ್ತು 20ಕ್ಕೆ ದಿನ ನಿಗದಿಯಾಯ್ತು. ಹಳ್ಳಿ ಹಳ್ಳಿಗಳಿಂದ ಸಾವಿರಾರು ಜನ, ಹೆಂಗಸರು, ವಯಸ್ಸಾದವರು, ಸೈನ್ಯದಿಂದ ನಿವೃತ್ತರಾದವರು, ನಡೆದುಕೊಂಡೇ ಬಂದರು. ಇವರಿಗೆಲ್ಲ ಕುಡಿಯಲಿಕ್ಕೆ ನೀರು ಬೇಕಲ್ವಾ? ಊರಲ್ಲಿ ಅಷ್ಟು ದೊಡ್ಡ ಕೆರೆ ಇದ್ದರೂ ಸಂಘಟಕರು 40 ರೂಪಾಯಿ ಕೊಟ್ಟು ಮೇಲ್ಜಾತಿಯವರಿಂದ ನೀರು ಖರೀದಿ ಮಾಡಬೇಕಾಯ್ತು. ಆ ಕಾಲದ 40 ರೂಪಾಯಿ ಅಂದ್ರೆ ಸಣ್ಣ ಮೊತ್ತ ಅಲ್ಲ.

ಎರಡನೇ ದಿನ ಸಮ್ಮೇಳನ ಮುಗಿಯುವ ಹೊತ್ತಿಗೆ ಅಂಬೇಡ್ಕರರ ಸಂಗಾತಿ ಅನಂತ ವಿನಾಯಕ ಚಿತ್ರೆ ಎದ್ದು ನಿಂತು, ಹಕ್ಕಿನ ಬಗ್ಗೆ ಇಷ್ಟು ಮಾತಾಡಿದ ಮೇಲೆ ಈಗಲೇ ಕೆರೆಗೆ ಹೋಗೋಣ ಎಂಬ ಸೂಚನೆ ಇಟ್ಟರು. ಜನ ಸಾಲಾಗಿ, ಗಲಾಟೆ ಇಲ್ಲದೆ, ಬಿಸಿಲಲ್ಲಿ ಪೇಟೆಯ ಬೀದಿಯಲ್ಲಿ ನಡೆದರು. ಅಂಬೇಡ್ಕರ್ ಮೊದಲು ಇಳಿದರು. ಬೊಗಸೆ ತುಂಬ ನೀರು ಕುಡಿದರು. ಆಮೇಲೆ ಉಳಿದವರು. ಶಾಂತವಾಗಿ ಬಂದ ಹಾಗೆಯೇ ವಾಪಸ್ ಹೋದರು.

ದೊಣ್ಣೆ ಎದ್ದ ಬೀದಿ, ತೆರೆದ ಬಾಗಿಲು

ಎರಡು ಗಂಟೆ ಕಳೆಯುವಷ್ಟರಲ್ಲಿ ಊರಲ್ಲಿ ಒಂದು ಸುಳ್ಳು ಸುದ್ದಿ ಹಬ್ಬಿತು. ಇವರು ಈಗ ವೀರೇಶ್ವರ ದೇವಸ್ಥಾನಕ್ಕೂ ನುಗ್ಗುತ್ತಾರಂತೆ! ಅಂಥ ಯೋಚನೆ ಯಾರಿಗೂ ಇರಲಿಲ್ಲ. ಆದರೆ ಗಾಳಿಸುದ್ದಿಗೆ ಕಾಲು ಬರಲಿಕ್ಕೆ ಎಷ್ಟು ಹೊತ್ತು? ದೊಣ್ಣೆ ಹಿಡಿದ ಗುಂಪು ಸಮ್ಮೇಳನದ ಚಪ್ಪರಕ್ಕೆ ನುಗ್ಗಿತು. ಅಲ್ಲಿ ಜನ ಊರಿಗೆ ಹೊರಡುವ ಮುಂಚೆ ಊಟಕ್ಕೆ ಕೂತಿದ್ದರು. ಅನ್ನವನ್ನು ಮಣ್ಣಿಗೆ ಸುರಿದರು. ಹೆಂಗಸರು ಮಕ್ಕಳು ಅಂತ ನೋಡದೆ ಹೊಡೆದರು. ಹಳ್ಳಿಗಳಿಗೆ ಮರಳುತ್ತಿದ್ದವರನ್ನು ದಾರಿಯಲ್ಲೇ ಅಡ್ಡಗಟ್ಟಿದರು.

ಆ ಹೊತ್ತಿನಲ್ಲಿ ಪೆಟ್ಟು ತಿಂದು ಓಡುತ್ತಿದ್ದ ಹಲವರಿಗೆ ಆಸರೆ ಸಿಕ್ಕಿದ್ದು ಮಹಾಡಿನ ಮುಸ್ಲಿಮರ ಮನೆಗಳಲ್ಲಿ. ಬಾಗಿಲು ತೆರೆದು ಒಳಗೆ ಕರೆದುಕೊಂಡರು. ಅಂಬೇಡ್ಕರರ ಜೀವನ ಚರಿತ್ರೆ ಬರೆದವರು ಇದನ್ನು ದಾಖಲಿಸಿದ್ದಾರೆ. ಬಾಗಿಲು ತೆರೆದವರ ಹೆಸರು ನಮಗೆ ಬೇಕಾಗಿಲ್ಲ, ತೆರೆದರು ಅನ್ನುವುದು ಸಾಕು.

ಅಂಬೇಡ್ಕರ್ ಆಗ ಸರಕಾರಿ ಬಂಗಲೆಯಲ್ಲಿದ್ದರು. ಅವರ ಸುತ್ತ ಮಾಜಿ ಸೈನಿಕರು ಸಿಟ್ಟಿನಿಂದ ಕುದಿಯುತ್ತಿದ್ದರು. ಒಂದು ಮಾತು ಹೇಳಿದ್ದರೆ ಮಹಾಡಿನಲ್ಲಿ ರಕ್ತ ಹರಿಯುತ್ತಿತ್ತು. ಅವರು ಆ ಮಾತು ಹೇಳಲಿಲ್ಲ. ತಿರುಗಿ ಹೊಡೆಯಬೇಡಿ ಅಂತ ಎಲ್ಲರನ್ನೂ ತಡೆದರು, ಗಾಯಗೊಂಡವರ ಚಿಕಿತ್ಸೆ ನೋಡಿಕೊಂಡರು, ಆಮೇಲೆ ಪೊಲೀಸ್ ಮತ್ತು ಕಾನೂನಿನ ದಾರಿ ಹಿಡಿದರು. ಹಲ್ಲೆ ಮಾಡಿದವರಲ್ಲಿ ಐವರಿಗೆ ಮುಂದೆ ನಾಲ್ಕು ತಿಂಗಳ ಸಜೆ ಆಯ್ತು.

ಇತ್ತ ಮಹಾಡಿನ ಮೇಲ್ಜಾತಿಯವರಿಗೆ ಕೆರೆಯದ್ದೇ ಚಿಂತೆ. ಕೆರೆ ಮೈಲಿಗೆಯಾಗಿದೆ, ಶುದ್ಧ ಮಾಡಬೇಕು. 108 ಮಡಕೆಗಳಲ್ಲಿ ಸೆಗಣಿ, ಗಂಜಲ, ಹಾಲು, ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಗೆ ಹಾಕಿದರು. ನೀರು ಈಗ ಕುಡಿಯಲು ಯೋಗ್ಯ ಅಂತ ಸಾರಿದರು. ಶುದ್ಧ ನೀರು ಅಂದ್ರೆ ಏನು ಅಂತ ಯಾರಾದರೂ ಕೇಳಿದರೆ ಈ ಘಟನೆಯನ್ನು ನೆನಪು ಮಾಡಿಕೊಳ್ಳಬಹುದು. ಮನುಷ್ಯನ ಬೊಗಸೆ ತಾಗಿದ ನೀರು ಅಶುದ್ಧ, ಸೆಗಣಿ ಕದಡಿದ ನೀರು ಶುದ್ಧ. 26 ವರ್ಷ ಹಿಂದೆ ಗೋರೆಗಾಂವ್ ದಾರಿಯಲ್ಲಿ ಮಕ್ಕಳಿಗೆ ಸಿಕ್ಕಿದ್ದು ಅಂಥದ್ದೇ ಹೊಂಡದ ನೀರು.

1927ರ ಆಗಸ್ಟ್ 4ರಂದು, ಬೋಲೆ ನಿರ್ಣಯಕ್ಕೆ ಸರಿಯಾಗಿ ನಾಲ್ಕು ವರ್ಷ ತುಂಬಿದ ದಿನ, ಮಹಾಡ್ ಮುನಿಸಿಪಾಲಿಟಿ ತನ್ನ ಹಳೇ ಠರಾವನ್ನು ವಾಪಸ್ ತೆಗೆದುಕೊಂಡಿತು.

ಫತ್ತೇಖಾನ್ ಕೊಟ್ಟ ಜಾಗ

ಅಂಬೇಡ್ಕರ್ ಬಿಡಲಿಲ್ಲ. ಏಪ್ರಿಲ್ 3ರಿಂದ ಬಹಿಷ್ಕೃತ ಭಾರತ ಎಂಬ ಮರಾಠಿ ಪತ್ರಿಕೆ ಶುರು ಮಾಡಿ ಪ್ರತಿ ಸಂಚಿಕೆಯಲ್ಲೂ ತಮ್ಮ ವಾದ ಇಟ್ಟರು. ಡಿಸೆಂಬರ್ 25ಕ್ಕೆ ಮತ್ತೆ ಮಹಾಡಿನಲ್ಲೇ ಸತ್ಯಾಗ್ರಹ ಸಮ್ಮೇಳನ ಅಂತ ಘೋಷಿಸಿದರು.

ಈ ಸಲ ಊರು ಪೂರ್ತಿ ಬಾಗಿಲು ಹಾಕಿಕೊಂಡಿತು. ಸಮ್ಮೇಳನಕ್ಕೆ ಜಾಗ ಕೊಡಲು ಒಬ್ಬ ಹಿಂದೂ ಜಮೀನುದಾರನೂ ತಯಾರಿರಲಿಲ್ಲ. ಅಂಗಡಿಯವರು ಸಾಮಾನು ಕೊಡುವುದಿಲ್ಲ ಅಂದರು. ಆಗ ಫತ್ತೇಖಾನ್ ಎಂಬ ಸ್ಥಳೀಯ ಮುಸ್ಲಿಂ ತನ್ನ ಜಾಗವನ್ನು ಬಿಟ್ಟುಕೊಟ್ಟರು. ಚಪ್ಪರ ಎದ್ದದ್ದು ಅಲ್ಲೇ. ಸುತ್ತಲಿನವರ ಸಿಟ್ಟು ಕಟ್ಟಿಕೊಂಡು, ಅದೇ ಪೇಟೆಯಲ್ಲಿ ಮುಂದೆಯೂ ಬಾಳಬೇಕಾದ ಒಬ್ಬ ಮನುಷ್ಯ ಮಾಡಿದ ಕೆಲಸ ಅದು. ದೊಡ್ಡ ಇತಿಹಾಸದ ಪುಸ್ತಕಗಳಲ್ಲಿ ಫತ್ತೇಖಾನ್ ಬಗ್ಗೆ ಒಂದು ಸಾಲಿಗಿಂತ ಹೆಚ್ಚು ಸಿಗುವುದಿಲ್ಲ. ಆ ಒಂದು ಸಾಲು ನಮ್ಮ ಮಕ್ಕಳಿಗೆ ಗೊತ್ತಿರಲಿ.

ಅಂಬೇಡ್ಕರ್ ಬಾಂಬೆಯಿಂದ ಹಡಗಿನಲ್ಲಿ ದಾಸಗಾಂವ್ ಬಂದರಿಗೆ ಬಂದು ಅಲ್ಲಿಂದ ಜನರ ಜೊತೆ ನಡೆದುಕೊಂಡು ಮಹಾಡ್ ಮುಟ್ಟಿದರು. ಮೊದಲ ದಿನ ರಾತ್ರಿ ಮನುಸ್ಮೃತಿಯನ್ನು ಸುಡಲಾಯಿತು. ಅದರ ನಿರ್ಣಯ ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ ಎಂಬ ಬ್ರಾಹ್ಮಣರು. ಅಂಬೇಡ್ಕರರ ಹೋರಾಟ ಜಾತಿ ವ್ಯವಸ್ಥೆಯ ವಿರುದ್ಧ ಇತ್ತೇ ಹೊರತು ಯಾವುದೋ ಒಂದು ಜಾತಿಯಲ್ಲಿ ಹುಟ್ಟಿದವರ ವಿರುದ್ಧ ಇರಲಿಲ್ಲ ಅನ್ನುವುದಕ್ಕೆ ಇದೊಂದು ಸಾಕ್ಷಿ.

ಆದರೆ ಸಮ್ಮೇಳನಕ್ಕೆ ಮುಂಚೆಯೇ ವಿರೋಧಿಗಳು ಕೋರ್ಟಿಗೆ ಹೋಗಿ, ಕೆರೆ ಖಾಸಗಿಯದ್ದು ಅಂತ ವಾದಿಸಿ ತಾತ್ಕಾಲಿಕ ತಡೆಯಾಜ್ಞೆ ತಂದಿದ್ದರು. ಸಾವಿರಾರು ಜನ ಜೈಲಿಗೆ ಹೋಗಲು ಹೆಸರು ಬರೆಸಿ ನಿಂತಿದ್ದಾರೆ. ಎದುರಿಗೆ ಕೋರ್ಟಿನ ಆಜ್ಞೆ. ಜಿಲ್ಲಾ ಕಲೆಕ್ಟರ್ ಕೂಡ ಬಂದು ಮನವಿ ಮಾಡಿದರು. ಅಂಬೇಡ್ಕರ್ ಯೋಚಿಸಿ, ಜನರನ್ನು ಒಪ್ಪಿಸಿ, ಕೆರೆಗೆ ಇಳಿಯುವುದನ್ನು ಮುಂದಕ್ಕೆ ಹಾಕಿದರು. ಕೆರೆಯ ಸುತ್ತ ಮೆರವಣಿಗೆ ಮಾತ್ರ ನಡೆಯಿತು. ಜನರ ನಿರಾಸೆ ಸಣ್ಣದಿರಲಿಲ್ಲ. ಆದರೆ ನಾಳೆ ಕಾನೂನಿನಿಂದಲೇ ಹಕ್ಕು ಪಡೆಯಬೇಕಾದವರು ಇವತ್ತು ಕಾನೂನು ಮುರಿದರೆ ಕೇಸು ಕೈತಪ್ಪುತ್ತದೆ ಅಂತ ಬ್ಯಾರಿಸ್ಟರಿಗೆ ಗೊತ್ತಿತ್ತು.

ಕೇಸು ನಡೆಯಿತು. ಮಹಾಡ್ ಕೋರ್ಟಿನ ತೀರ್ಪು 1931ರಲ್ಲಿ ಅಂಬೇಡ್ಕರ್ ಪರವಾಗಿ ಬಂತು. ಎದುರಾಳಿಗಳು ಠಾಣೆಗೆ ಅಪೀಲು ಹೋದರು, 1933ರಲ್ಲಿ ಅಲ್ಲೂ ಸೋತರು. ಬಾಂಬೆ ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ಹೈಕೋರ್ಟ್ ಅಂತಿಮ ತೀರ್ಪು ಕೊಟ್ಟಿತು. ಕೆರೆ ಮುನಿಸಿಪಾಲಿಟಿಯ ಸುಪರ್ದಿನದ್ದು, ಅಸ್ಪೃಶ್ಯರನ್ನು ದೂರ ಇಡುವ ಪದ್ಧತಿ ಅನಾದಿ ಕಾಲದಿಂದ ಇತ್ತು ಅಂತ ಸಾಬೀತಾಗಿಲ್ಲ. ಬೊಗಸೆ ನೀರು ಕುಡಿದ ದಿನದಿಂದ ಲೆಕ್ಕ ಹಾಕಿದರೆ ಹತ್ತು ವರ್ಷಕ್ಕೆ ಮೂರು ದಿನ ಕಮ್ಮಿ.

ದೌಲತಾಬಾದಿನ ಕೊಳ

ಈಗ ಎರಡನೇ ಘಟನೆ. ಇದನ್ನು ಓದುವಾಗ ಮನಸ್ಸಿಗೆ ಹಿತ ಆಗುವುದಿಲ್ಲ. ಆದರೂ ಓದಬೇಕು.

1934ರಲ್ಲಿ ಅಂಬೇಡ್ಕರ್ ಸುಮಾರು 30 ಮಂದಿ ಸಂಗಾತಿಗಳ ಜೊತೆ ವೆರೂಳಿನ ಗುಹೆಗಳನ್ನು ನೋಡಲು ಹೊರಟಿದ್ದರು. ದಾರಿಯಲ್ಲಿ ನಿಜಾಮರ ಆಡಳಿತಕ್ಕೆ ಸೇರಿದ್ದ ದೌಲತಾಬಾದ್ ಕೋಟೆ. ರಂಜಾನ್ ತಿಂಗಳು. ಕೋಟೆಯ ಬಾಗಿಲ ಹೊರಗೆ ನೀರು ತುಂಬಿದ ಸಣ್ಣ ಕೊಳ, ಸುತ್ತ ಕಲ್ಲು ಹಾಸು. ಪ್ರಯಾಣದ ಧೂಳಿನಿಂದ ಬಂದವರಲ್ಲಿ ಕೆಲವರು ಆ ನೀರಿನಲ್ಲಿ ಮುಖ, ಕಾಲು ತೊಳೆದುಕೊಂಡು ಕೋಟೆಯ ಬಾಗಿಲಿಗೆ ಹೋದರು.

ಅಷ್ಟರಲ್ಲಿ ಬಿಳಿ ಗಡ್ಡದ ಒಬ್ಬ ಮುಸ್ಲಿಂ ಮುದುಕ ಹಿಂದಿನಿಂದ ಕೂಗುತ್ತಾ ಬಂದ. ಇವರು ಕೊಳವನ್ನು ಮೈಲಿಗೆ ಮಾಡಿದರು ಅಂತ. ಜಾತಿ ಹೆಸರು ಹಿಡಿದು ಬೈದ. ನೋಡ್ತಾ ನೋಡ್ತಾ ಇನ್ನಷ್ಟು ಮುಸ್ಲಿಮರು ಸೇರಿದರು, ಕಿರಿಯರೂ ಹಿರಿಯರೂ. ನಿಮಗೆ ಸೊಕ್ಕು ಬಂದಿದೆ, ಪಾಠ ಕಲಿಸಬೇಕು ಎಂಬ ಮಾತುಗಳು. ಪೆಟ್ಟು ಬೀಳುವ ಹಂತಕ್ಕೆ ಬಂತು. ನಾವು ಹೊರಗಿನವರು, ಇಲ್ಲಿನ ಪದ್ಧತಿ ಗೊತ್ತಿಲ್ಲ ಅಂದರೂ ಕೇಳಲಿಲ್ಲ.

ಕೊನೆಗೆ ಅಂಬೇಡ್ಕರ್ ಅವರಿಗೆ ಒಂದು ಪ್ರಶ್ನೆ ಹಾಕಿದರು. ನಿಮ್ಮ ಧರ್ಮ ಕಲಿಸುವುದು ಇದನ್ನೇನಾ? ಒಬ್ಬ ಅಸ್ಪೃಶ್ಯ ಮುಸ್ಲಿಮನಾದರೆ ಅವನನ್ನೂ ಈ ಕೊಳದಿಂದ ತಡೀತೀರಾ? ಗುಂಪು ಮಾತಿಲ್ಲದೆ ನಿಂತಿತು. ಯಾರ ಹತ್ತಿರವೂ ಉತ್ತರ ಇರಲಿಲ್ಲ. ಆಮೇಲೆ ಕೋಟೆಯೊಳಗೆ ಬಿಟ್ಟರು, ಆದರೆ ನೀರು ಮುಟ್ಟದ ಹಾಗೆ ನೋಡಿಕೊಳ್ಳಲು ಬಂದೂಕು ಹಿಡಿದ ಸಿಪಾಯಿಯನ್ನು ಜೊತೆಗೆ ಕಳಿಸಿದರು.

1901ರಲ್ಲಿ ನೀರಿಗಾಗಿ ಮುಸ್ಲಿಂ ಅಂತ ಹೇಳಿಕೊಂಡಿದ್ದ ಹುಡುಗ ಇವರೇ. 1927ರಲ್ಲಿ ಇವರ ಜನರಿಗೆ ಬಾಗಿಲು ತೆರೆದವರು, ಜಾಗ ಕೊಟ್ಟವರು ಮುಸ್ಲಿಮರು. 1934ರಲ್ಲಿ ಕೊಳದ ಬಳಿ ಅಡ್ಡಗಟ್ಟಿದವರೂ ಮುಸ್ಲಿಮರೇ, ಅದೂ ಉಪವಾಸದ ತಿಂಗಳಲ್ಲಿ. ಅಂಬೇಡ್ಕರ್ ಎರಡನ್ನೂ ಮರೆಮಾಚಲಿಲ್ಲ. ಜಾತಿಯ ರೋಗ ಅದನ್ನು ಒಪ್ಪದ ಧರ್ಮದವರಿಗೂ ಹತ್ತುತ್ತದೆ ಅಂತ ದೌಲತಾಬಾದಿನ ಪ್ರಸಂಗದಿಂದ ತೋರಿಸಿದರು.

ನಲ್ಲಿ ಮುಟ್ಟದ ಹುಡುಗನ ಕೈಗೆ ನದಿಗಳು

1942ರಲ್ಲಿ ಅಂಬೇಡ್ಕರ್ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆಯ ಸದಸ್ಯರಾದರು. ನೀರಾವರಿ ಮತ್ತು ವಿದ್ಯುತ್ತಿನ ಯೋಜನೆಗಳೂ ಆ ಖಾತೆಗೇ ಸೇರಿದ್ದವು. ದಾಮೋದರ್ ಕಣಿವೆ ಯೋಜನೆ, ಒಡಿಶಾದ ಹಿರಾಕುಡ್ ಅಣೆಕಟ್ಟು, ಇವುಗಳ ಆರಂಭದ ಸಭೆಗಳನ್ನು ನಡೆಸಿದವರು ಅವರು. ಇವತ್ತಿನ ಕೇಂದ್ರ ಜಲ ಆಯೋಗದ ಬುನಾದಿ ಬಿದ್ದದ್ದೂ 1945ರಲ್ಲಿ ಅವರ ಖಾತೆಯಲ್ಲೇ. ಶಾಲೆಯ ನಲ್ಲಿ ತಿರುಗಿಸುವ ಅನುಮತಿ ಇಲ್ಲದಿದ್ದ ಹುಡುಗ ದೇಶದ ನದಿಗಳ ಲೆಕ್ಕ ನೋಡುವ ಜಾಗಕ್ಕೆ ಬಂದಿದ್ದ.

ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಮಂತ್ರಿ, ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷ. 1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂತು. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿತು. ಅದಕ್ಕೂ ಮುಂಚೆ ಬರುವ 15ನೇ ವಿಧಿಯ ಎರಡನೇ ಭಾಗವನ್ನು ಒಮ್ಮೆ ತೆಗೆದು ನೋಡಿ. ಸಾರ್ವಜನಿಕ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಂದ ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ ಅಂತ ಅಲ್ಲಿ ಉಂಟು. ಒಂದು ದೇಶದ ಮೂಲ ಕಾನೂನಿನಲ್ಲಿ ಬಾವಿ, ಕೆರೆ ಅಂತ ಹೆಸರು ಹಿಡಿದು ಯಾಕೆ ಬರೀಬೇಕಾಯ್ತು? ಮಹಾಡಿನ ಕಥೆ ಗೊತ್ತಿದ್ದವರಿಗೆ ಆ ಪ್ರಶ್ನೆ ಏಳುವುದಿಲ್ಲ. ಆ ವಿಧಿ ದಲಿತರನ್ನು ಹೇಗೋ ಹಾಗೆ ನಮ್ಮನ್ನೂ ಕಾಯುತ್ತದೆ ಅನ್ನುವುದನ್ನೂ ಮರೆಯಬಾರದು.

ಹಿಂದೂ ಕೋಡ್ ಮಸೂದೆಯ ವಿಷಯದಲ್ಲಿ ಬೇಸತ್ತು 1951ರಲ್ಲಿ ಅವರು ಮಂತ್ರಿಗಿರಿ ಬಿಟ್ಟರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬೌದ್ಧ ಧರ್ಮ ಸ್ವೀಕರಿಸಿದರು. ಅದೇ ವರ್ಷ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿಧನರಾದರು. ಮುಂಬೈಯ ದಾದರಿನಲ್ಲಿ ಅಂತ್ಯಕ್ರಿಯೆ ನಡೆದ ಜಾಗವೇ ಇವತ್ತಿನ ಚೈತ್ಯಭೂಮಿ. ಮಹಾಡಿಗೆ ಈಗಲೂ ಪ್ರತಿ ಮಾರ್ಚ್ 20ರಂದು ಜನ ಸಾಗರದ ಹಾಗೆ ಬರ್ತಾರೆ.

ದಾನದ ನೀರು, ಹಕ್ಕಿನ ನೀರು

ನೀರು ಕೊಡುವುದು ದೊಡ್ಡ ಪುಣ್ಯ ಅಂತ ನಮ್ಮ ಸಮುದಾಯದಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಬಾವಿ ತೋಡಿಸುವುದನ್ನು ಸತ್ತ ಮೇಲೂ ನಿಲ್ಲದ ಸದಖ ಅಂತ ನಂಬಿದವರು ನಾವು. ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ಬತ್ತಿದ ಕಡೆ ಟ್ಯಾಂಕರಿನಲ್ಲಿ ನೀರು ಹಂಚುವ ಯುವಕರು ನಮ್ಮ ಜಮಾಅತ್‌ಗಳಲ್ಲಿ ಇದ್ದಾರೆ. ಅವರ ಕೆಲಸ ದೊಡ್ಡದು.

ಆದರೆ ಅಂಬೇಡ್ಕರ್ ಕೇಳಿದ್ದು ದಾನದ ನೀರನ್ನಲ್ಲ. ಸಾತಾರಾ ಶಾಲೆಯ ಪ್ಯೂನ್ ಕೂಡ ನೀರು ಕೊಡುತ್ತಿದ್ದ. ಮಹಾಡಿನಲ್ಲಿ 40 ರೂಪಾಯಿಗೆ ನೀರು ಸಿಕ್ಕಿತ್ತು. ಚವ್ದಾರ್ ನೀರು ಕುಡಿಯದೆ ಯಾರೂ ಸತ್ತಿರಲಿಲ್ಲ, ಮತ್ತು ಅದನ್ನು ಅಂಬೇಡ್ಕರ್ ತಾವೇ ಒಪ್ಪಿಕೊಂಡಿದ್ದರು. ಅವರಿಗೆ ಬೇಕಾಗಿದ್ದದ್ದು ಎಲ್ಲರೂ ಇಳಿಯುವ ಮೆಟ್ಟಿಲಲ್ಲಿ ಇಳಿದು, ಎಲ್ಲರೂ ಮುಟ್ಟುವ ನೀರನ್ನು ತನ್ನ ಕೈಯಿಂದಲೇ ತೆಗೆದುಕೊಳ್ಳುವ ಹಕ್ಕು. ಮೇಲಿನಿಂದ ಸುರಿಯುವ ನೀರಿಗೆ ಬೊಗಸೆ ಒಡ್ಡಿ ನಿಲ್ಲುವುದು ಬೇರೆ, ಕೊಡಪಾನ ಹಿಡಿದು ಬಾವಿಗೆ ತಾನೇ ಹಗ್ಗ ಇಳಿಸುವುದು ಬೇರೆ.

ಇವತ್ತು ಮನೆ ಮನೆಗೆ ನಲ್ಲಿ ಬರ್ತಾ ಉಂಟು. ಒಳ್ಳೆಯದೇ. ಆದರೆ ಪೈಪು ಎಳೆಯುವಾಗ ಕಾಲನಿಯ ಮನೆಗಳು ಕೊನೆಗೆ ಉಳೀತಾವಾ ಅಂತ ಗ್ರಾಮಸಭೆಯಲ್ಲಿ ಕೇಳುವವರು ಬೇಕು. ನಮ್ಮ ಚರಂಡಿ ಶುಚಿ ಮಾಡಲು, ಅಂಗಳದ ಕೆಲಸಕ್ಕೆ ಬಂದವರು ನೀರು ಕೇಳಿದಾಗ ಒಳಗಿನಿಂದ ಬರುವ ಲೋಟ ಯಾವುದು ಅಂತ ನಾವು ನಾವೇ ನೋಡಿಕೊಳ್ಳಬೇಕು. ಮಹಾಡಿನ ಫತ್ತೇಖಾನ್, ದೌಲತಾಬಾದಿನ ಆ ಮುದುಕ, ಇಬ್ಬರೂ ನಮ್ಮವರೇ. ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಬಾವಿಕಟ್ಟೆಯಲ್ಲಿ ಇವರಲ್ಲಿ ಯಾರು ಇದ್ದಾರೆ ಅನ್ನುವುದಕ್ಕೆ ಉತ್ತರ ಕೊಡಬೇಕಾದವರು ನಾವೇ.